ಕ್ರೈಸ್ತ ಧರ್ಮದಲ್ಲಿ ಜೀವನದ ಗುರಿ ಮತ್ತು ಆದ್ಯತೆ

ಮನುಷ್ಯನ ಬದುಕು ಯಾವುದಕ್ಕಾಗಿ ಇದೆ, ಆ ಬದುಕಿನಲ್ಲಿ ಯಾವುದು ಮೊದಲು, ಯಾವುದು ಅನಂತರ ಎಂಬ ಪ್ರಶ್ನೆಗಳಿಗೆ ಬೈಬಲ್, ಧರ್ಮಸಭೆಯ ಪರಂಪರೆ ಮತ್ತು ಪ್ರಾರ್ಥನೆಗಳ ಆಧಾರದ ಮೇಲೆ ಉತ್ತರ ಕಂಡುಕೊಳ್ಳುವ ಚಿಂತನೆಯನ್ನೂ ಸಾಧನಾಕ್ರಮವನ್ನೂ ಕ್ರೈಸ್ತ ಧರ್ಮದಲ್ಲಿ ಜೀವನದ ಗುರಿ ಮತ್ತು ಆದ್ಯತೆಯ ವಿಚಾರ ಎನ್ನಲಾಗುತ್ತದೆ. ಈ ಚಿಂತನೆಯಲ್ಲಿ ಗುರಿಯನ್ನು ಮನುಷ್ಯ ತಾನೇ ಕಟ್ಟಿಕೊಳ್ಳುವುದಿಲ್ಲ; ದೇವರಿಂದ ಬಂದದ್ದನ್ನು ಗುರುತಿಸಿ ಅದಕ್ಕೆ ಓಗೊಡುತ್ತಾನೆ. ಮೂರು ಪದಗಳು ಇಲ್ಲಿ ಮತ್ತೆ ಮತ್ತೆ ಬರುತ್ತವೆ. ಎಲ್ಲ ಮನುಷ್ಯರಿಗೂ ಸಮಾನವಾದ ಕೊನೆಯ ನೆಲೆ, ಅಂದರೆ ದೇವರೊಡನೆ ಒಂದಾಗುವಿಕೆ, 'ಪರಮಗುರಿ' ಎನಿಸುತ್ತದೆ. ಆ ಗುರಿಯತ್ತ ಸಾಗಲು ಒಬ್ಬೊಬ್ಬ ವ್ಯಕ್ತಿಗೆ ದೊರೆಯುವ ನಿರ್ದಿಷ್ಟ ಮಾರ್ಗ 'ದೈವಕರೆ'. ಪರಮಗುರಿಯನ್ನು ಅಳತೆಗೋಲಾಗಿ ಇಟ್ಟುಕೊಂಡು ಸಂಬಂಧ, ದುಡಿಮೆ, ಹಣ, ಸಮಯಗಳಿಗೆ ಕೊಡುವ ಸ್ಥಾನಕ್ರಮ 'ಆದ್ಯತೆ'. ಕನ್ನಡ ನಾಡಿನಲ್ಲಿ ಈ ವಿಚಾರ ಪ್ರವಚನಪೀಠಕ್ಕೆ ಸೀಮಿತವಾಗದೆ ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆ, ನಿಘಂಟುಗಳ ರೂಪವನ್ನೂ ತಾಳಿತು.

ಬೈಬಲಿನ ಆಧಾರ

ಹಳೆಯ ಒಡಂಬಡಿಕೆಯ ಆದಿಕಾಂಡದಲ್ಲಿ ಮನುಷ್ಯನು ದೇವರ ಹೋಲಿಕೆಯಲ್ಲಿ ಸೃಷ್ಟಿಯಾದವನು. ಏದೆನ್ ತೋಟವನ್ನು ವ್ಯವಸಾಯ ಮಾಡಿ ಕಾಯುವ ಹೊಣೆ ಅವನಿಗೆ ಪಾಪದ ಪ್ರವೇಶಕ್ಕೆ ಮೊದಲೇ ದೊರೆಯುತ್ತದೆ. ಇದರಿಂದಾಗಿ ದುಡಿಮೆಯು ಶಿಕ್ಷೆಯಲ್ಲ, ಮೂಲ ಉದ್ದೇಶದ ಭಾಗ ಎಂಬ ತಿಳಿವಳಿಕೆ ಕ್ರೈಸ್ತ ಚಿಂತನೆಯ ತಳಹದಿಯಲ್ಲಿಯೇ ಸೇರಿಕೊಂಡಿತು. ಪ್ರಸಂಗಿಯ ಗ್ರಂಥವು ಸುಖ, ಸಂಪತ್ತು, ಪಾಂಡಿತ್ಯ, ಕೀರ್ತಿಗಳನ್ನು ಒಂದೊಂದಾಗಿ ಪರೀಕ್ಷಿಸಿ ಅವು ಯಾವುವೂ ಬದುಕಿನ ಭಾರವನ್ನು ಹೊರಲಾರವು ಎಂದು ತೋರಿಸುತ್ತದೆ. ಮೀಕ ಪ್ರವಾದಿಯ ಗ್ರಂಥದ ಆರನೆಯ ಅಧ್ಯಾಯ ನ್ಯಾಯ, ಕರುಣೆ ಮತ್ತು ದೇವರ ಮುಂದೆ ವಿನಯ ಎಂಬ ಮೂರನ್ನು ದೇವರು ಮನುಷ್ಯನಿಂದ ಬಯಸುವ ಸಂಗತಿಗಳೆಂದು ಎತ್ತಿಹಿಡಿಯುತ್ತದೆ.

ಹೊಸ ಒಡಂಬಡಿಕೆಯಲ್ಲಿ ಯೇಸುವಿನ ಬೋಧನೆಯು ಈ ಪ್ರಶ್ನೆಯನ್ನು ನೇರವಾಗಿಯೇ ಎತ್ತಿಕೊಳ್ಳುತ್ತದೆ. ಆಜ್ಞೆಗಳಲ್ಲಿ ಮೊದಲನೆಯದು ಯಾವುದು ಎಂದು ಶಾಸ್ತ್ರಿಯೊಬ್ಬ ಕೇಳಿದಾಗ ಯೇಸು ಧರ್ಮೋಪದೇಶಕಾಂಡದ ದೇವಪ್ರೀತಿಯ ಆಜ್ಞೆಯನ್ನೂ ಯಾಜಕಕಾಂಡದ ಪರಪ್ರೀತಿಯ ಆಜ್ಞೆಯನ್ನೂ ಜೋಡಿಸಿ ಉತ್ತರಿಸುತ್ತಾರೆ (ಮಾರ್ಕ 12). ಮತ್ತಾಯನ ಆರನೆಯ ಅಧ್ಯಾಯದಲ್ಲಿ ಅನ್ನ, ಬಟ್ಟೆಗಳ ಚಿಂತೆಗಿಂತ ದೇವರ ರಾಜ್ಯದ ಅನ್ವೇಷಣೆ ಮುಂದಿರಬೇಕೆಂದು ಹೇಳಲಾಗಿದೆ. ದೊಡ್ಡ ಕಣಜ ಕಟ್ಟಲು ಹೊರಟ ದಿನವೇ ಸಾಯುವ ಶ್ರೀಮಂತನ ಸಾಮತಿ ಮತ್ತು ಸತ್ಕಾರದಲ್ಲಿ ಮುಳುಗಿದ ಮಾರ್ಥ, ಯೇಸುವಿನ ಮಾತು ಕೇಳುತ್ತ ಕುಳಿತ ಮರಿಯರ ಪ್ರಸಂಗ ಲೂಕನಲ್ಲಿ ಬರುತ್ತವೆ. ಮಾರ್ಥಳ ಅಡುಗೆಯ ಸಡಗರವನ್ನು ಆ ಪ್ರಸಂಗ ಕೆಟ್ಟದ್ದೆಂದು ಕರೆಯುವುದಿಲ್ಲ ಎಂಬುದನ್ನು ಗಮನಿಸಬೇಕು: ಪ್ರಶ್ನೆ ಇರುವುದು ಎರಡು ಒಳ್ಳೆಯ ಕೆಲಸಗಳ ನಡುವಿನ ಕ್ರಮದ ಕುರಿತು. ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದ ಅಂತಿಮ ತೀರ್ಪಿನ ಚಿತ್ರಣದಲ್ಲಿ ಹಸಿದವರು, ಪರದೇಶಿಗಳು, ರೋಗಿಗಳು, ಸೆರೆಯಾಳುಗಳಿಗೆ ಮಾಡಿದ ಸೇವೆಯನ್ನು ಕ್ರಿಸ್ತನಿಗೇ ಮಾಡಿದ ಸೇವೆಯೆಂದು ಎಣಿಸಲಾಗಿದೆ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಒಂದೇ ದೇಹದ ಬೇರೆಬೇರೆ ಅಂಗಗಳ ದೃಷ್ಟಾಂತದ ಮೂಲಕ, ಒಬ್ಬೊಬ್ಬರಿಗೆ ಒಂದೊಂದು ವರ ದೊರೆತಿರುವುದು ಇಡೀ ಸಮುದಾಯದ ಹಿತಕ್ಕಾಗಿ ಎಂದು ವಿವರಿಸುತ್ತಾನೆ.

ಚಿಂತನೆಯ ಬೆಳವಣಿಗೆ

ಮೂರನೆಯ ಶತಮಾನದ ಕೊನೆಯಲ್ಲಿ ಈಜಿಪ್ಟಿನ ಅಂತೋನಿಯು ಆಸ್ತಿಯನ್ನೆಲ್ಲ ಹಂಚಿ ಮರುಭೂಮಿಗೆ ತೆರಳಿದ್ದು ಕ್ರೈಸ್ತ ಸನ್ಯಾಸ ಪರಂಪರೆಯ ಆರಂಭದ ಪ್ರಸಿದ್ಧ ನಿದರ್ಶನ. ಆರನೆಯ ಶತಮಾನದಲ್ಲಿ ಬೆನೆಡಿಕ್ಟನು ರಚಿಸಿದ ಮಠನಿಯಮವು ದಿನವನ್ನು ಪ್ರಾರ್ಥನೆ, ಪಠಣ ಮತ್ತು ಕೈಕೆಲಸಗಳಿಗೆ ಹಂಚಿ, ಆದ್ಯತೆಯ ವಿಚಾರಕ್ಕೆ ದಿನಚರಿಯ ರೂಪ ಕೊಟ್ಟಿತು.

ಈ ವಿಷಯದ ತಾತ್ತ್ವಿಕ ಚೌಕಟ್ಟನ್ನು ಕಟ್ಟಿದವನು ಉತ್ತರ ಆಫ್ರಿಕದ ಅಗಸ್ಟೀನ್ (354–430). ಮನುಷ್ಯನ ಹೃದಯವು ದೇವರಲ್ಲಿ ನೆಲೆ ಕಾಣುವ ತನಕ ತಳಮಳದಲ್ಲಿಯೇ ಇರುತ್ತದೆ ಎಂಬುದು ಅವನ ಆತ್ಮನಿವೇದನ ಗ್ರಂಥದ ಮೂಲಸೂತ್ರ. 'ಪ್ರೀತಿಯ ಕ್ರಮ' ಎಂಬ ಅವನ ಇನ್ನೊಂದು ಪರಿಕಲ್ಪನೆ ಆದ್ಯತೆಯ ವಿಚಾರಕ್ಕೆ ಇನ್ನೂ ಹತ್ತಿರದ್ದು. ಮನುಷ್ಯ ಪ್ರೀತಿಸುವ ವಸ್ತುಗಳು ಬಹುಮಟ್ಟಿಗೆ ಒಳ್ಳೆಯವೇ. ಆದರೆ ಕಡಿಮೆ ಪ್ರೀತಿಸಬೇಕಾದದ್ದನ್ನು ಹೆಚ್ಚು, ಹೆಚ್ಚು ಪ್ರೀತಿಸಬೇಕಾದದ್ದನ್ನು ಕಡಿಮೆ ಪ್ರೀತಿಸಿದಾಗ ಬದುಕು ದಾರಿ ತಪ್ಪುತ್ತದೆ ಎಂಬುದು ಅದರ ತಿರುಳು. ಮುಂದಿನ ಹದಿನೈದು ಶತಮಾನಗಳ ಪಾಶ್ಚಾತ್ಯ ಕ್ರೈಸ್ತ ನೀತಿಚಿಂತನೆಯ ಬಹುಭಾಗ ಈ ಒಂದು ಹೊಳಹಿನ ವಿಸ್ತರಣೆಯೆಂದರೆ ತಪ್ಪಾಗದು. ಥಾಮಸ್ ಅಕ್ವಿನಾಸ್ (1225–1274) ತನ್ನ ದೇವತಾಶಾಸ್ತ್ರದ ಸಂಗ್ರಹಗ್ರಂಥದ ಎರಡನೆಯ ಭಾಗವನ್ನು ಮನುಷ್ಯನ ಪರಮಗುರಿಯ ಪ್ರಶ್ನೆಯಿಂದಲೇ ಆರಂಭಿಸಿ, ಸಂಪತ್ತು, ಗೌರವ, ಕೀರ್ತಿ, ಅಧಿಕಾರ, ದೇಹಸುಖಗಳನ್ನು ಸರದಿಯಂತೆ ತಳ್ಳಿಹಾಕಿ, ದೇವದರ್ಶನವೇ ಪೂರ್ಣಾನಂದವೆಂದು ಸ್ಥಾಪಿಸುತ್ತಾನೆ.

ಮಧ್ಯಯುಗದ ಯುರೋಪಿನಲ್ಲಿ ದೈವಕರೆ ಎಂದರೆ ಮಠ ಅಥವಾ ಯಾಜಕತ್ವ ಎಂಬ ಭಾವನೆ ಬಲವಾಗಿತ್ತು. ಮಾರ್ಟಿನ್ ಲೂಥರ್ (1483–1546) ಇದನ್ನು ಪ್ರಶ್ನಿಸಿ, ರೈತ, ಚಮ್ಮಾರ, ತಾಯಿ, ನ್ಯಾಯಾಧೀಶ ಇವರ ಕೆಲಸವೂ ದೇವರ ಕರೆಯೇ, ನೆರೆಯವನ ಸೇವೆಗೆ ಒದಗುವ ಪ್ರತಿಯೊಂದು ದುಡಿಮೆಯೂ ಪವಿತ್ರ ಎಂದು ಬೋಧಿಸಿದ. ಜಾನ್ ಕಾಲ್ವಿನ್ ಈ ವಿಚಾರಕ್ಕೆ ಹೆಚ್ಚಿನ ಶಿಸ್ತು ತಂದ. 1647ರ ವೆಸ್ಟ್‌ಮಿನ್‌ಸ್ಟರ್ ಕಿರು ಪ್ರಶ್ನೋತ್ತರವು ಮನುಷ್ಯನ ಮುಖ್ಯ ಗುರಿ ಯಾವುದು ಎಂಬ ಪ್ರಶ್ನೆಯಿಂದಲೇ ಮೊದಲಾಗಿ, ದೇವರನ್ನು ಮಹಿಮೆಪಡಿಸುವುದು ಮತ್ತು ದೇವರಲ್ಲಿ ನಿತ್ಯಾನಂದ ಪಡೆಯುವುದು ಎಂಬ ಅರ್ಥದ ಉತ್ತರವನ್ನು ಕೊಡುತ್ತದೆ. ಕ್ಯಾಥೊಲಿಕ್ ಧರ್ಮಸಭೆಯಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯ 1964ರ ಶಾಸನವೊಂದು ಪಾವಿತ್ರ್ಯದ ಕರೆ ಗುರುಗಳು, ಸನ್ಯಾಸಿನಿಯರು, ಗೃಹಸ್ಥರು ಎಂಬ ಭೇದವಿಲ್ಲದೆ ದೀಕ್ಷಾಸ್ನಾನ ಪಡೆದ ಎಲ್ಲರಿಗೂ ಸಲ್ಲುತ್ತದೆ ಎಂದು ಘೋಷಿಸಿತು. ಹೀಗೆ ಪ್ರಾಟೆಸ್ಟಂಟ್, ಕ್ಯಾಥೊಲಿಕ್ ಎಂಬ ಎರಡು ಪರಂಪರೆಗಳು ಬೇರೆಬೇರೆ ದಾರಿಯಿಂದ ಬಹುಮಟ್ಟಿಗೆ ಒಂದೇ ನಿಲುವಿಗೆ ಬಂದವು.

ದೈವಕರೆಯ ಪ್ರಕಾರಗಳು

ಸಾಮಾನ್ಯ ಕರೆ ಎಲ್ಲರಿಗೂ ಒಂದೇ: ದೇವರನ್ನೂ ನೆರೆಯವರನ್ನೂ ಪ್ರೀತಿಸುವುದು. ವಿಶೇಷ ಕರೆಯನ್ನು ಕ್ಯಾಥೊಲಿಕ್ ಸಂಪ್ರದಾಯವು ವಿವಾಹಜೀವನ, ಯಾಜಕತ್ವ, ಬಡತನ-ಬ್ರಹ್ಮಚರ್ಯ-ವಿಧೇಯತೆಗಳ ವ್ರತ ತೊಟ್ಟ ಸನ್ಯಸ್ತಜೀವನ ಮತ್ತು ಅವಿವಾಹಿತ ಲೌಕಿಕ ಜೀವನ ಎಂದು ವಿಂಗಡಿಸುತ್ತದೆ. ಪ್ರಾಟೆಸ್ಟಂಟ್ ಸಂಪ್ರದಾಯದಲ್ಲಿ ವೃತ್ತಿ, ಕುಟುಂಬ, ನಾಗರಿಕ ಕರ್ತವ್ಯ, ಸಭೆ ಎಂಬ ನಾಲ್ಕು ಕ್ಷೇತ್ರಗಳಲ್ಲಿ ಒಬ್ಬನೇ ವ್ಯಕ್ತಿಗೆ ಏಕಕಾಲದಲ್ಲಿ ಹಲವು ಕರೆಗಳಿರುತ್ತವೆ; ಅವು ಒಂದಕ್ಕೊಂದು ಅಡ್ಡ ಬಂದಾಗ ಆದ್ಯತೆಯ ಪ್ರಶ್ನೆ ತೀವ್ರವಾಗುತ್ತದೆ.

ಭಾರತೀಯ ಓದುಗರಿಗೆ ಪರಿಚಿತವಾದ ಧರ್ಮ, ಅರ್ಥ, ಕಾಮ, ಮೋಕ್ಷಗಳೆಂಬ ಪುರುಷಾರ್ಥಗಳೊಡನೆ ಈ ವಿಭಜನೆಗೆ ಸಾಮ್ಯವೂ ವ್ಯತ್ಯಾಸವೂ ಇದೆ. ಎರಡರಲ್ಲಿಯೂ ಲೌಕಿಕ ಗುರಿಗಳಿಗೆ ಸ್ಥಾನವಿದ್ದು, ಅವು ಒಂದು ಅಂತಿಮ ಗುರಿಗೆ ಅಧೀನವಾಗಿವೆ. ಆದರೆ ಆಶ್ರಮಧರ್ಮದಲ್ಲಿ ಗಾರ್ಹಸ್ಥ್ಯ, ಸನ್ಯಾಸಗಳು ಒಂದೇ ಬಾಳಿನ ಕ್ರಮಾಗತ ಹಂತಗಳಾಗಬಲ್ಲವು. ಕ್ರೈಸ್ತರಲ್ಲಿ ಅವು ಸಾಮಾನ್ಯವಾಗಿ ಆಜೀವ ಆಯ್ಕೆಗಳು. ಹನ್ನೆರಡನೆಯ ಶತಮಾನದ ಶರಣರ ಕಾಯಕ ತತ್ತ್ವ ಮತ್ತು ಲೂಥರನ ವೃತ್ತಿತತ್ತ್ವಗಳ ಹೋಲಿಕೆಯನ್ನು ವಿದ್ವಾಂಸರು ಹಲವು ಬಾರಿ ಚರ್ಚಿಸಿದ್ದಾರೆ. ಕಾಲದ ದೃಷ್ಟಿಯಿಂದ ಶರಣರದು ಸುಮಾರು ನಾಲ್ಕು ಶತಮಾನ ಹಿಂದಿನದು.

ವಿವೇಚನೆಯ ವಿಧಾನ

ಎರಡು ಒಳ್ಳೆಯ ಮಾರ್ಗಗಳಲ್ಲಿ ತನಗೆ ಸಲ್ಲುವುದು ಯಾವುದು ಎಂದು ಪ್ರಾರ್ಥನಾಪೂರ್ವಕವಾಗಿ ಗುರುತಿಸುವ ಕ್ರಿಯೆಯನ್ನು 'ವಿವೇಚನೆ' ಎನ್ನುತ್ತಾರೆ. ಇದಕ್ಕೆ ಅತ್ಯಂತ ವ್ಯವಸ್ಥಿತ ರೂಪ ಕೊಟ್ಟವನು ಯೇಸುಸಭೆಯ ಸ್ಥಾಪಕ ಲೊಯೋಲಾದ ಇಗ್ನೇಷಿಯಸ್ (1491–1556). ಸೈನಿಕ ಜೀವನದಲ್ಲಿದ್ದ ಇವನು 1521ರಲ್ಲಿ ಪಾಂಪ್ಲೋನಾದ ಕೋಟೆಯ ರಕ್ಷಣೆಯಲ್ಲಿ ಕಾಲಿಗೆ ಗಾಯಗೊಂಡು ಹಾಸಿಗೆ ಹಿಡಿದಾಗ ಕ್ರಿಸ್ತನ ಮತ್ತು ಸಂತರ ಚರಿತ್ರೆಗಳನ್ನು ಓದಿದ. ಶೌರ್ಯದ, ಪ್ರಣಯದ ಕನಸುಗಳು ಆ ಹೊತ್ತಿಗೆ ಸವಿಯೆನಿಸಿ ಅನಂತರ ಮನಸ್ಸನ್ನು ಬರಿದಾಗಿಸುತ್ತಿದ್ದವು. ಸಂತರಂತೆ ಬದುಕುವ ಕಲ್ಪನೆ ಬಹುಕಾಲ ನೆಮ್ಮದಿಯನ್ನು ಉಳಿಸುತ್ತಿತ್ತು. ಈ ವ್ಯತ್ಯಾಸದ ಅವಲೋಕನದಿಂದ ಬೆಳೆದ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಕೈಪಿಡಿಗೆ 1548ರಲ್ಲಿ ಪೋಪ್ ಮೂರನೆಯ ಪೌಲರ ಅನುಮೋದನೆ ದೊರೆಯಿತು.

ಸುಮಾರು 30 ದಿನಗಳ, ನಾಲ್ಕು 'ವಾರ'ಗಳಾಗಿ ವಿಭಾಗಗೊಂಡ ಈ ಸಾಧನೆಯನ್ನು ಮೌನದಲ್ಲಿ, ಮಾರ್ಗದರ್ಶಕರೊಬ್ಬರ ನೆರವಿನಿಂದ ನಡೆಸಲಾಗುತ್ತದೆ. ಆರಂಭದಲ್ಲಿ ಬರುವ 'ಮೂಲತತ್ತ್ವ'ವು ಮನುಷ್ಯನ ಗುರಿ ದೇವರ ಸ್ತುತಿ, ಗೌರವ, ಸೇವೆಗಳೆಂದೂ ಉಳಿದೆಲ್ಲ ವಸ್ತುಗಳನ್ನು ಆ ಗುರಿಗೆ ನೆರವಾಗುವಷ್ಟು ಮಾತ್ರ ಬಳಸಬೇಕೆಂದೂ ಹೇಳುತ್ತದೆ. ಆರೋಗ್ಯ-ಅನಾರೋಗ್ಯ, ಸಿರಿತನ-ಬಡತನ, ಮಾನ-ಅಪಮಾನಗಳ ಕಡೆಗೆ ಮೊದಲೇ ವಾಲದಿರುವ ಮನಸ್ಥಿತಿಯನ್ನು ಇಲ್ಲಿ 'ನಿರ್ಲಿಪ್ತತೆ' ಎನ್ನಲಾಗಿದೆ. ಇದು ನಿರಾಸಕ್ತಿಯಲ್ಲ, ತಕ್ಕಡಿಯ ಮುಳ್ಳು ನಡುವೆ ನಿಂತಂತಹ ಸ್ವಾತಂತ್ರ್ಯ.

ಆಯ್ಕೆಯ ನಿಯಮಗಳು ಸೂಕ್ಷ್ಮವಾಗಿವೆ. ಕೆಟ್ಟದ್ದು ವಿವೇಚನೆಯ ವಸ್ತುವೇ ಅಲ್ಲ. ವಿವಾಹ ಅಥವಾ ಗುರುದೀಕ್ಷೆಯಂತಹ ಬದಲಿಸಲಾಗದ ನಿಶ್ಚಯಗಳನ್ನು ಮತ್ತೆ ತೂಗುವುದಕ್ಕೆ ಅವಕಾಶವಿಲ್ಲ, ಅವುಗಳೊಳಗೆ ಬದುಕನ್ನು ತಿದ್ದಿಕೊಳ್ಳುವುದಕ್ಕೆ ಮಾತ್ರ ಅವಕಾಶವಿದೆ. ನಂಬಿಕೆ, ಭರವಸೆ, ಪ್ರೀತಿಗಳು ಹೆಚ್ಚುವ ಸ್ಥಿತಿ 'ಸಾಂತ್ವನ'. ಕತ್ತಲು, ಚಡಪಡಿಕೆ, ಜಡತೆಗಳ ಸ್ಥಿತಿ 'ವಿಷಾದ'. ವಿಷಾದದ ಹೊತ್ತಿನಲ್ಲಿ ಹಿಂದಿನ ನಿರ್ಧಾರವನ್ನು ಬದಲಿಸಕೂಡದು ಎಂಬುದು ಪ್ರಸಿದ್ಧ ನಿಯಮ. ಮನಸ್ಸು ಶಾಂತವಾಗಿದ್ದೂ ದಾರಿ ಸ್ಪಷ್ಟವಾಗದಿದ್ದಲ್ಲಿ ಎರಡೂ ಕಡೆಯ ಸಾಧಕಬಾಧಕಗಳನ್ನು ಕ್ರಮವಾಗಿ ತೂಗಬೇಕು. ತನ್ನಂತೆಯೇ ಇಕ್ಕಟ್ಟಿನಲ್ಲಿರುವ ಅಪರಿಚಿತನಿಗೆ ಯಾವ ಸಲಹೆ ಕೊಡಬಹುದೆಂದು ಯೋಚಿಸಬೇಕು. ಮರಣಶಯ್ಯೆಯಲ್ಲಿದ್ದು ಹಿಂದಿರುಗಿ ನೋಡುವಾಗ ಯಾವ ಆಯ್ಕೆ ಸರಿಯೆನಿಸೀತೆಂದು ಕಲ್ಪಿಸಿಕೊಳ್ಳಬೇಕು. ದಿನದ ಕೊನೆಯಲ್ಲಿ ಕೃತಜ್ಞತೆಯಿಂದ ಆರಂಭಿಸಿ ಆ ದಿನದ ನಡೆನುಡಿಗಳನ್ನು ಪರಿಶೀಲಿಸುವ 'ಆತ್ಮಶೋಧನೆ' ಈ ಪದ್ಧತಿಯ ನಿತ್ಯರೂಪ.

ಕಾಲ್ವಿನ್ ಪರಂಪರೆಯಲ್ಲಿ ಸಭಾಸೇವೆಗೆ ಮುಂದಾಗುವವನ ಅಂತರಂಗದ ಕರೆಯನ್ನು ಸಭೆಯ ಬಹಿರಂಗ ಕರೆಯು ದೃಢಪಡಿಸಬೇಕು; ವ್ಯಕ್ತಿ ತನ್ನ ಮನಸ್ಸಿನ ಒಲವೊಂದನ್ನೇ ದೇವರ ಇಚ್ಛೆಯೆಂದು ಸಾರಿಕೊಳ್ಳದಂತೆ ಇದು ತಡೆಯುತ್ತದೆ.

ಕರ್ನಾಟಕದಲ್ಲಿ

ಕರಾವಳಿಯ ಕ್ಯಾಥೊಲಿಕರಲ್ಲಿ ದೈವಕರೆಯ ಮೇಲ್ಪಂಕ್ತಿಯೆಂದು ಸ್ಮರಿಸಲಾಗುವವರು ಸಂತ ಜೋಸೆಫ್ ವಾಜ್ (1651–1711). ಗೋವೆಯ ಬೆಣಾವ್ಲಿಯಲ್ಲಿ ಹುಟ್ಟಿದ ಇವರು 1681ರಿಂದ 1684ರವರೆಗೆ ಕೆನರಾ ಪ್ರಾಂತದಲ್ಲಿ ಸೇವೆ ಸಲ್ಲಿಸಿ, ಚದುರಿಹೋಗಿದ್ದ ಕ್ರೈಸ್ತ ಸಮುದಾಯಗಳನ್ನು ಮತ್ತೆ ಸಂಘಟಿಸಿದರು. 1687ರಲ್ಲಿ, ಡಚ್ಚರು ಕ್ಯಾಥೊಲಿಕ್ ಗುರುಗಳನ್ನು ನಿಷೇಧಿಸಿದ್ದ ಶ್ರೀಲಂಕೆಗೆ ಕೂಲಿಯಾಳಿನ ವೇಷದಲ್ಲಿ ಪ್ರವೇಶಿಸಿ ಅಲ್ಲಿಯೇ ಬಾಳನ್ನು ಸವೆಸಿದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಇವರನ್ನು ಸಂತರೆಂದು ಘೋಷಿಸಿದರು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಹಿನ್ನೆಲೆಯಲ್ಲಿ ಜರ್ಮನಿಯ ವುರ್ಟೆಂಬರ್ಗ್ ಪ್ರದೇಶದ ಭಕ್ತಿಪಂಥವಿತ್ತು. ವೈಯಕ್ತಿಕ ಪರಿವರ್ತನೆ, ಶಿಸ್ತಿನ ದುಡಿಮೆ, ಸರಳ ಜೀವನ ಇವುಗಳನ್ನು ಒಂದಾಗಿ ಕಾಣುತ್ತಿದ್ದ ಆ ಪಂಥದ ದೃಷ್ಟಿ ಇಲ್ಲಿ ಅನಿರೀಕ್ಷಿತ ಪರೀಕ್ಷೆಗೆ ಒಳಗಾಯಿತು. ಕ್ರೈಸ್ತರಾದವರು ಜಾತಿಯಿಂದ ಹೊರಬಿದ್ದು ಕುಲಕಸುಬನ್ನೂ ಜಮೀನನ್ನೂ ಕಳೆದುಕೊಳ್ಳುತ್ತಿದ್ದುದರಿಂದ, ದುಡಿಮೆಯೂ ದೇವರ ಕರೆ ಎಂದು ಬೋಧಿಸಿದ ಮಿಶನ್ನು ಆ ದುಡಿಮೆಯನ್ನು ಒದಗಿಸಲೇಬೇಕಾಯಿತು. 1841ರಲ್ಲಿ ಮುದ್ರಣಾಲಯ, 1851ರಲ್ಲಿ ನೇಯ್ಗೆಯ ಕಾರ್ಖಾನೆ, 1865ರಲ್ಲಿ ಹೆಂಚಿನ ಕಾರ್ಖಾನೆ ಮಂಗಳೂರಿನಲ್ಲಿ ಆರಂಭವಾದವು. ಅಡಿಕೆಯ ಸೋಗೆ ಹೊದೆಸುತ್ತಿದ್ದ ಮಲೆನಾಡಿನ ಮನೆಗಳ ಮೇಲೆ ಕ್ರಮೇಣ ಮಂಗಳೂರು ಹೆಂಚು ಬಂದುದಕ್ಕೂ ಒಂದು ಧಾರ್ಮಿಕ ವಿಚಾರಕ್ಕೂ ಹೀಗೆ ನೇರವಾದ ಸಂಬಂಧವಿದೆ. ಕ್ರೈಸ್ತ ವೃತ್ತಿತತ್ತ್ವವು ಕನ್ನಡ ನಾಡಿನಲ್ಲಿ ಪಡೆದ ಅತ್ಯಂತ ಸ್ಪಷ್ಟವಾದ ಸಾಮಾಜಿಕ ರೂಪ ಇದೇ.

ಅದೇ ಮಿಶನ್ನಿನ ಹರ್ಮನ್ ಮೊಗ್ಲಿಂಗ್ (1811–1881) 1843ರಲ್ಲಿ 'ಮಂಗಳೂರು ಸಮಾಚಾರ'ವನ್ನು ಹೊರತಂದು ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ (1832–1903) ಬಾಳಿನ ಬಹುಭಾಗವನ್ನು ಕನ್ನಡ-ಇಂಗ್ಲಿಷ್ ನಿಘಂಟಿಗೆ ಮೀಸಲಿಟ್ಟರು. ಅದು 1894ರಲ್ಲಿ ಪ್ರಕಟವಾಯಿತು. ಬೈಬಲಿನ ಕನ್ನಡ ಅನುವಾದ ಇದಕ್ಕೂ ಮೊದಲೇ, 1831ರಲ್ಲಿ, ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ ಬಳ್ಳಾರಿಯಲ್ಲಿ ಪೂರ್ಣಗೊಂಡಿತ್ತು.

ಸ್ತ್ರೀಯರ ದೈವಕರೆಗೆ ಸಂಬಂಧಿಸಿದಂತೆ 1870ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆಯೂ 1921ರಲ್ಲಿ ಅಲ್ಲಿಯೇ ರೇಮಂಡ್ ಮಸ್ಕರೇನ್ಹಸ್ ಅವರು ಸ್ಥಾಪಿಸಿದ ಬೆಥನಿ ಭಗಿನಿಯರ ಸಂಸ್ಥೆಯೂ ಮುಖ್ಯವಾದವು. ಮದುವೆಯೊಂದೇ ಹೆಣ್ಣಿನ ದಾರಿಯೆಂದು ತಿಳಿದಿದ್ದ ಕಾಲದಲ್ಲಿ ಇವು ಶಿಕ್ಷಕಿ, ದಾದಿ, ಸಂಸ್ಥಾಪಕಿಯಾಗಿ ಬಾಳುವ ಇನ್ನೊಂದು ದಾರಿಯನ್ನು ತೆರೆದವು. ಯೇಸುಸಭೆಯವರು ಆರಂಭಿಸಿದ ಸಂತ ಜೋಸೆಫರ ಗುರುವಿದ್ಯಾಮಂದಿರ (1879) ಮಂಗಳೂರಿನಲ್ಲಿಯೂ, ಪ್ರಾಟೆಸ್ಟಂಟರ ಯುನೈಟೆಡ್ ಥಿಯಾಲಜಿಕಲ್ ಕಾಲೇಜು (1910) ಬೆಂಗಳೂರಿನಲ್ಲಿಯೂ ಸೇವಾಕಾಂಕ್ಷಿಗಳ ತರಬೇತಿಯ ಪ್ರಧಾನ ಕೇಂದ್ರಗಳಾಗಿವೆ.

ಉತ್ತರ ಕನ್ನಡದ ಘಟ್ಟದ ಸೀಮೆಯಲ್ಲಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳು 1976ರಲ್ಲಿ ಸ್ಥಾಪನೆಯಾದ ಕಾರವಾರ ಧರ್ಮಪ್ರಾಂತಕ್ಕೆ ಸೇರಿವೆ. ಹೆಗಡೆಕಟ್ಟಾದಂತಹ ಅಡಿಕೆ ತೋಟಗಳ ಊರುಗಳಿರುವ ಈ ಸೀಮೆಯಲ್ಲಿ ಬದುಕಿನ ಗುರಿಯ ಕುರಿತ ಧಾರ್ಮಿಕ ಚಿಂತನೆಗೆ ದೀರ್ಘ ಇತಿಹಾಸವಿದೆ. ಸೋಂದಾ ಪರಿಸರದಲ್ಲಿ ಸ್ವರ್ಣವಲ್ಲಿಯ ಅದ್ವೈತ ಮಠ, ವಾದಿರಾಜರ ಪರಂಪರೆಯ ದ್ವೈತ ಮಠ ಮತ್ತು ಸ್ವಾದಿಯ ಜೈನ ಮಠಗಳು ಒಂದಕ್ಕೊಂದು ಸಮೀಪದಲ್ಲಿಯೇ ಇವೆ. ಅಲ್ಪಸಂಖ್ಯಾತರಾದ ಕ್ರೈಸ್ತರು ತಮ್ಮ ಉತ್ತರವನ್ನು ಬಾಳುವುದು ಈ ನೆರೆಹೊರೆಯ ನಡುವೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಿನಂಚಿನಲ್ಲಿ ನೆಲೆಸಿರುವ, ಆಫ್ರಿಕ ಮೂಲದ ಸಿದ್ದಿ ಸಮುದಾಯದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಮೂರು ಧರ್ಮಗಳವರೂ ಇದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಪಡೆದ ಈ ಸಮುದಾಯದ ನಡುವೆ ಮುಂಡಗೋಡದ ಲೊಯೋಲಾ ವಿಕಾಸ ಕೇಂದ್ರವು ಶಿಕ್ಷಣ ಮತ್ತು ಅಭಿವೃದ್ಧಿಯ ಕೆಲಸದಲ್ಲಿ ತೊಡಗಿದೆ. ಇದನ್ನು ನಡೆಸುವವರು ಇಗ್ನೇಷಿಯಸನ ಸಾಧನಾಕ್ರಮವನ್ನು ತಮ್ಮ ರೂಢಿಯಾಗಿಸಿಕೊಂಡ ಯೇಸುಸಭೆಯವರೇ ಎಂಬುದು ವಿವೇಚನೆ ಮತ್ತು ಸೇವೆಗಳ ನಡುವಿನ ನಂಟನ್ನು ತೋರಿಸುತ್ತದೆ.

ಆದ್ಯತೆಯ ತತ್ತ್ವ ಆಚರಣೆಯಲ್ಲಿ ಕಾಣುವ ಒಂದು ಸಂದರ್ಭ ಘಟ್ಟದ ಕೆಳಗಿನ ಕರಾವಳಿಯ ಕೊಂಕಣಿ ಕ್ಯಾಥೊಲಿಕರ ಮೊಂತಿ ಹಬ್ಬ. ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನ್ಮದಿನದ ಬಲಿಪೂಜೆಯಲ್ಲಿ ಹೊಸ ತೆನೆಗಳನ್ನು ಆಶೀರ್ವದಿಸಿ, ಮನೆಗೆ ತಂದ ತೆನೆಯ ಕಾಳನ್ನು ಹಾಲು ಅಥವಾ ಪಾಯಸದಲ್ಲಿ ಬೆರೆಸಿ ಮನೆಮಂದಿಯೆಲ್ಲ ಸೇವಿಸುತ್ತಾರೆ. ಬೆಳೆಯ ಮೊದಲ ಪಾಲು ದೇವರದು ಎಂಬ ಹಳೆಯ ಒಡಂಬಡಿಕೆಯ ಪ್ರಥಮಫಲದ ವಿಧಿ ಇಲ್ಲಿ ನಾಡಿನ ಹೊಸ್ತಿನ ಹಬ್ಬದೊಡನೆ ಬೆರೆತಿದೆ.

ವಿಮರ್ಶೆ ಮತ್ತು ಚರ್ಚೆ

ದುಡಿಮೆಯನ್ನು ದೈವಕರೆಯೆಂದು ಕಂಡ ಪ್ರಾಟೆಸ್ಟಂಟ್ ಶಿಸ್ತು ಬಂಡವಾಳಶಾಹಿಯ ಮನೋಧರ್ಮಕ್ಕೆ ನೆಲ ಹದಮಾಡಿತೆಂದು ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1904–05ರಲ್ಲಿ ವಾದಿಸಿದ. ದೊರೆತ ಸ್ಥಾನದಲ್ಲಿಯೇ ಉಳಿದು ಸೇವಿಸಬೇಕೆಂಬ ಬೋಧನೆಯು ಅನ್ಯಾಯದ ವ್ಯವಸ್ಥೆಯನ್ನು ಪವಿತ್ರಗೊಳಿಸಬಲ್ಲದು ಎಂಬ ಆಕ್ಷೇಪ ಭಾರತದಲ್ಲಿ ಹೆಚ್ಚು ಗಂಭೀರವಾದದ್ದು, ಏಕೆಂದರೆ ಇಲ್ಲಿ ಕಸುಬು ಹುಟ್ಟಿನಿಂದ ನಿರ್ಧಾರವಾಗುತ್ತಿತ್ತು. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ 1981ರಲ್ಲಿ ನೀಡಿದ ಉಪನ್ಯಾಸದಿಂದ ರೂಪುಗೊಂಡ ದಲಿತ ದೇವತಾಶಾಸ್ತ್ರವು ದಲಿತರ ಯಾತನೆ ಮತ್ತು ವಿಮೋಚನೆಯನ್ನು ಚಿಂತನೆಯ ಕೇಂದ್ರಕ್ಕೆ ತಂದಿತು. ಬೆಂಗಳೂರಿನಲ್ಲಿಯೇ ಕಾರ್ಯನಿರ್ವಹಿಸಿದ ಎಂ. ಎಂ. ಥಾಮಸ್ (1916–1996) ರಕ್ಷಣೆಯನ್ನೂ ಮಾನವೀಕರಣವನ್ನೂ ಬೇರ್ಪಡಿಸಲಾಗದು ಎಂದು ಪ್ರತಿಪಾದಿಸಿದರು. ಈ ಚರ್ಚೆಗಳ ಬಳಿಕ, ವ್ಯಕ್ತಿಯ ಗುರಿಯನ್ನು ಅವನ ಸಮಾಜದ ಸ್ಥಿತಿಯಿಂದ ಪ್ರತ್ಯೇಕಿಸಿ ವಿವರಿಸುವುದು ಭಾರತೀಯ ಕ್ರೈಸ್ತ ಚಿಂತನೆಯಲ್ಲಿ ಕಷ್ಟವಾಗಿದೆ.

ಇಂದಿನ ಸ್ಥಿತಿ

ಅಮೆರಿಕದ ಸಭಾಪಾಲಕ ರಿಕ್ ವಾರನ್ 2002ರಲ್ಲಿ ಪ್ರಕಟಿಸಿದ ಉದ್ದೇಶಪೂರ್ಣ ಬದುಕಿನ ಕುರಿತ ಪುಸ್ತಕವು 40 ದಿನಗಳ ಓದಿನ ಕ್ರಮವಾಗಿ ಜಗತ್ತಿನಾದ್ಯಂತ ಹರಡಿ ಈ ವಿಷಯವನ್ನು ಜನಪ್ರಿಯಗೊಳಿಸಿತು. ಕ್ಯಾಥೊಲಿಕರಲ್ಲಿ 2018ರ ಧರ್ಮಾಧ್ಯಕ್ಷರ ಸಭೆ ಯುವಜನ, ನಂಬಿಕೆ ಮತ್ತು ದೈವಕರೆಯ ವಿವೇಚನೆಯನ್ನು ಚರ್ಚಿಸಿತು. ಅದರ ಫಲವಾಗಿ 2019ರಲ್ಲಿ ಬಂದ ಪೋಪ್ ಫ್ರಾನ್ಸಿಸ್ ಅವರ ಪತ್ರವು ಉದ್ಯೋಗ, ಮದುವೆ, ಸ್ನೇಹಗಳನ್ನೂ ದೈವಕರೆಯ ಚೌಕಟ್ಟಿನೊಳಗೆ ತರುತ್ತದೆ. ಪಾಸ್ಕ (ಈಸ್ಟರ್) ಕಾಲದ ನಾಲ್ಕನೆಯ ಭಾನುವಾರವನ್ನು 1964ರಿಂದ ದೈವಕರೆಗಳಿಗಾಗಿ ವಿಶ್ವ ಪ್ರಾರ್ಥನಾದಿನವಾಗಿ ಆಚರಿಸಲಾಗುತ್ತಿದೆ.

ಕರ್ನಾಟಕದ ಕ್ರೈಸ್ತರಲ್ಲಿ ಈ ವಿಚಾರವು ಧ್ಯಾನಕೂಟ, ಯುವಜನ ಶಿಬಿರ, ವಿವಾಹಪೂರ್ವ ತರಬೇತಿ ಮತ್ತು ಭಾನುವಾರದ ಧರ್ಮೋಪದೇಶದ ತರಗತಿಗಳ ಮೂಲಕ ಹೊಸ ತಲೆಮಾರನ್ನು ತಲುಪುತ್ತಿದೆ. ಮಂಗಳೂರಿನ ಬಲ್ಮಠದಲ್ಲಿ 1965ರಿಂದ ಇರುವ ಕರ್ನಾಟಕ ಥಿಯಾಲಜಿಕಲ್ ಕಾಲೇಜು ಕನ್ನಡದಲ್ಲಿ ದೇವತಾಶಾಸ್ತ್ರದ ಶಿಕ್ಷಣ ನೀಡುತ್ತಿದೆ. ದೊಡ್ಡ ಕುಟುಂಬಗಳಿಂದ ಒಬ್ಬಿಬ್ಬರು ಗುರುಗಳಾಗಿ, ಭಗಿನಿಯರಾಗಿ ಹೊರಡುತ್ತಿದ್ದ ಕರಾವಳಿಯ ಪದ್ಧತಿ ಕುಟುಂಬಗಳು ಚಿಕ್ಕದಾದಂತೆ ಕ್ಷೀಣಿಸಿದೆ. ಉನ್ನತ ಶಿಕ್ಷಣ, ಬೆಂಗಳೂರಿನ ಉದ್ಯೋಗ, ಕೊಲ್ಲಿ ರಾಷ್ಟ್ರಗಳ ಸಂಪಾದನೆ, ಊರಿನಲ್ಲಿ ಉಳಿದ ವೃದ್ಧ ತಂದೆತಾಯಿಗಳ ಆರೈಕೆ ಇವುಗಳಲ್ಲಿ ಯಾವುದು ಮೊದಲು ಎಂಬ ರೂಪದಲ್ಲಿ ಆದ್ಯತೆಯ ಪ್ರಶ್ನೆ ಇಂದಿನ ಮನೆಗಳಲ್ಲಿ ಏಳುತ್ತಿದ್ದು, ಧ್ಯಾನಕೂಟಗಳ ಬೋಧನೆಯೂ ಯಾಜಕತ್ವದ ಕರೆಗೆ ನಿಲ್ಲದೆ ಈ ಗೃಹಸ್ಥ ಪ್ರಶ್ನೆಗಳತ್ತ ಹೊರಳಿದೆ.